ಬೂದುಗುಂಬಳಕ್ಕೆ ನಟ್ಟ ಬಾಣ

ಇವತ್ತು ನಮ್ಮ ಹೊಸ ಮನೆಯ ಬಾಗಿಲಿಗೆ ಬೂದುಗುಂಬಳ ಕಟ್ಟಿದರು. ನೋಡುತ್ತಿದ್ದಂತೆ ಮನಸ್ಸು ಬನಹಟ್ಟಿಯ ನಮ್ಮ ಹಳೆಯ ಅಂಗಳಕ್ಕೆ ಓಡಿಬಿಟ್ಟಿತು.

ನಮ್ಮ ಕಾಕಾ ನೇಕಾರ. ಆದರೆ ಅವನ ಹುಚ್ಚೆಲ್ಲ ಬೇಟೆಯ ಬಿಲ್ಲು ಮಾಡುವುದು. ಗಾಡಿ ಮಾಡುವ ಬಡಿಗೇರರಿಂದ, ಎಷ್ಟು ಬಗ್ಗಿಸಿದರೂ ಮುರಿಯದ ದಡಸಲ ಮರದ ಕಟ್ಟಿಗೆ ತಂದು, ಒಡೆದ ಗಾಜಿನಿಂದ ಹೆರೆಯುತ್ತ ಕೂತನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಮಗ್ಗದ ನೂಲನ್ನೇ ಹುರಿ ಮಾಡಿ, ಮೇಣ ತಿಕ್ಕಿ ಹೆದೆ ಕಟ್ಟಿದ. ಮೀಟಿದರೆ ಝುಂಯ್ ಅನ್ನುತ್ತಿತ್ತು, ನನ್ನ ಮೈಯೆಲ್ಲ ಜುಮ್!

"ಓಣ್ಯಾಗ ಹುಲಿ ಬಂದೈತೇನ್ಲೇ?" ಅಜ್ಜಿ ಬೈದಳು.

"ತಡೀಬೇ ಯವ್ವಾ, ಈಗ ನೋಡು!"

ಕಾಕಾ ಗೋಡೆಗೆ ಒರಗಿಸಿದ್ದ ಹೊಟ್ಟಿನ ಚೀಲಕ್ಕೆ ಗುರಿಯಿಟ್ಟ. ಬಾಣ ಹೊರಟಿದ್ದೇ ಕಾಣಲಿಲ್ಲ. ಥಪ್! ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕ್ಕೆ ನಟ್ಟು ನಡುಗುತ್ತಿತ್ತು.

ಆ ಕಾಯಿಗೆ ಏಟಾದರೆ ಮನೆಗೇ ಕೇಡು ಎಂದು ನಂಬಿದ್ದವಳು ಅಜ್ಜಿ. ಕಾಕಾನ ಮುಖ ಬಿಳಿಚಿತು. "ತಗದ ಬಿಡ್ತೇನಿ ಯವ್ವಾ" ಅನ್ನುತ್ತ ಏಣಿ ತಂದ.

ಅಜ್ಜಿ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು. "ಇರ್ಲಿ ಬಿಡ್ಲೇ. ಇನ್ನ ಯಾವ ಕೆಟ್ಟ ಕಣ್ಣು ಈ ಮನಿ ಕಡೆ ನೋಡತೈತಿ, ನೋಡೂಣು!"

ಇವತ್ತು ಬಂದವರೆಲ್ಲ "ಕಾಯಿ ಛಲೋ ಐತಿ" ಅಂದರು. ನನ್ನನ್ನು ಕೇಳಿದರೆ, ಬಾಣವಿಲ್ಲದ ಬೂದುಗುಂಬಳ ಬರೀ ಕಾಯಿಪಲ್ಲೆ!