ಸಂತೇಬೆನ್ನೂರಿನ ಟೆಂಟಿನಲ್ಲಿ ಒಂದು ಸವಾಲು

ನನ್ನ ಭಾವಮೈದುನ ರುದ್ರೇಶಿಯ ಎಲುಬುಗಳು ಈ ವಾರವೂ ತಮ್ಮ ತಮ್ಮ ಜಾಗದಲ್ಲೇ ಇವೆ. ಈ ಶುಭಸಮಾಚಾರವನ್ನು ಓದುಗರಿಗೆ ಮೊದಲೇ ತಿಳಿಸಿಬಿಡುತ್ತೇನೆ. ಮೊನ್ನೆ ಸಂಜೆ ನನಗೆ ಆ ನಂಬಿಕೆ ಇರಲಿಲ್ಲ.

ರುದ್ರೇಶಿಯದು ಟೂರಿಂಗ್ ಟಾಕೀಸು. ಸಂತೇಬೆನ್ನೂರಿನಲ್ಲಿ ಟೆಂಟು ಹಾಕಿದ್ದ. (ಯುದ್ಧ ಬಂದು ಅಕ್ಕಿಗೆ ರೇಷನ್ ಆಯಿತು, ಸೀಮೆಎಣ್ಣೆಗೆ ಆಯಿತು. ನಗುವುದಕ್ಕೆ ಇನ್ನೂ ಆಗಿಲ್ಲ.) ಹಿಂದಿ ಪಿಕ್ಚರು, ತಮಾಷೆಯದು. ನರಪೇತಲನೊಬ್ಬ ಪೈಲ್ವಾನನಾಗಲು ಹೊರಡುವ ಕಥೆ.

ಊರಲ್ಲಿ ಸಾರಿ ಬಾ ಎಂದು ತಮಟೆಯ ಹನುಮಪ್ಪನನ್ನು ಕಳಿಸಿದರೆ ಅವನೇನು ಮಾಡಿದ? ಜನ್ಮದಲ್ಲಿ ಅವನು ಸಾರಿದ್ದೆಲ್ಲ ನಿಜವಾದ ಕುಸ್ತಿಗಳನ್ನೇ. ಅಭ್ಯಾಸಬಲ! ಗರಡಿಮನೆಯ ಮುಂದೆಯೇ ನಿಂತು, "ಇವತ್ತು ಸಂಜೀಕೆ ಟೆಂಟಿನಾಗೆ ಕುಸ್ತಿ ಐತ್ರಪ್ಪೋ! ಎದೆ ಇದ್ದೋರು ಬರ್ರಿ!" ಎಂದು ಬಾರಿಸಿಬಿಟ್ಟ.

ನಮ್ಮ ಕಡೆ 'ಎದೆ ಇದ್ದೋರು ಬರ್ರಿ' ಎಂದರೆ ಸವಾಲು. ಕೇಳಿಯೂ ಹೋಗದಿದ್ದರೆ ಗರಡಿಯ ಮಾನ ಹೋದಂತೆ. ಬಂದೇಬಿಟ್ಟರು. ಮುಂದೆ ಉಸ್ತಾದ್ ಇಮಾಮ್ ಸಾಬರು, ಹಿಂದೆ ಲಂಗೋಟಿ ಬಿಗಿದ ಶಿಷ್ಯ ಬಸಣ್ಣ, ಅವನ ಹಿಂದೆ ಇಡೀ ಗರಡಿ.

"ನಮ್ಮ ಗರಡಿಗೆ ಸವಾಲು ಹಾಕ್ದೋನು ಎಲ್ಲಿದಾನ್ರೀ?"

ರುದ್ರೇಶಿ ನನ್ನ ಬೆನ್ನ ಹಿಂದೆ ಸೇರಿಕೊಂಡ. ಮಾತಾಡುವ ಕರ್ಮ ನನ್ನದಾಯಿತು.

"ಪರದೆ ಮೇಲೆ ಬರ್ತಾನೆ ಉಸ್ತಾದ್ರೇ," ಎಂದೆ.

ಉಸ್ತಾದರು ಪರದೆಯ ಹಿಂದೆ ಹೋಗಿ ಇಣುಕಿ ಬಂದರು. "ಅಲ್ಲಿ ಯಾರೂ ಇಲ್ಲ. ನಮ್ಮ ಹುಡುಗನಿಗೆ ಜೋಡಿ ಸಿಗ್ಲಿಲ್ಲ ಅಂದ್ರೆ ಈ ಟೆಂಟಿನ ಗೂಟ ಒಂದೂ ಉಳಿಯಾಕಿಲ್ಲ, ತಿಳ್ಕೊಳ್ರಿ." (ಜೋಡಿ ಎಂದರೆ ಎದುರಾಳಿ. ಪೈಲ್ವಾನರ ಮಾತು.)

ಕೈಮುಗಿದು ಕೂರಿಸಿದೆ. ಪಿಕ್ಚರು ಶುರುವಾಯಿತು. ನರಪೇತಲ ಅಖಾಡಕ್ಕೆ ಇಳಿದ. ಮಂಡಿ ಗಡಗಡ ನಡುಗುತ್ತಿದೆ. ಎದುರಿಗಿದ್ದ ದೈತ್ಯನನ್ನು ಕಂಡು ಓಡಿದ, ಎಡವಿದ, ಅವನನ್ನು ತೊಡರಿಕೊಂಡು ಆ ದೈತ್ಯನೇ ಅಂಗಾತ ಬಿದ್ದ. ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಉಸ್ತಾದರ ಮೀಸೆಯನ್ನೇ ನೋಡುತ್ತಿದ್ದೆ. ಕುಸ್ತಿಯನ್ನು ಗೇಲಿ ಮಾಡಿದರೆ ಈ ಮನುಷ್ಯ ಸುಮ್ಮನಿದ್ದಾರೆಯೇ?

ಮೀಸೆ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಉಸ್ತಾದರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು! ರುದ್ರೇಶಿಯಂತೂ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೇಬಿಟ್ಟ.

ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಬಸಣ್ಣ. ಪಿಕ್ಚರು ಮುಗಿದರೂ ಅವನ ನಗು ಮುಗಿಯದು.

"ಯಾಕೋ ಬೇಟಾ, ಅಷ್ಟು ನಗಾಕೆ ಏನೈತೋ?" ಎಂದರು ಉಸ್ತಾದರು.

"ಅವನ ಮಂಡಿ ನೋಡಿದ್ರಾ ಉಸ್ತಾದ್ರೇ? ನಂದೂ ಹಂಗೇ ನಡುಗ್ತೈತೆ. ಇವತ್ತು ಜೋಡಿ ಸಿಗ್ದೇ ಇದ್ರೆ ಸಾಕಪ್ಪಾ ಅನ್ಕೊಂಡೇ ಬಂದೆ."

ಗರಡಿಯವರೆಲ್ಲ ಉಸ್ತಾದರ ಮೀಸೆಯತ್ತ ತಿರುಗಿದರು. ಉಸ್ತಾದರ ಎದುರು ಇಂಥ ಮಾತಾಡಿದವರುಂಟೇ?

ಉಸ್ತಾದರು ತಮ್ಮ ಶಾಲು ತೆಗೆದು ಶಿಷ್ಯನ ಬರಿಮೈಗೆ ಹೊದಿಸಿದರು.

"ನಂದೂ ನಡುಗ್ತಿತ್ತು ಕಣೋ. ಇಲ್ದಿದ್ರೆ ಅಖಾಡಕ್ಕೆ ಇಳಿದ ಕೂಡ್ಲೇ ತೊಡೆ ಯಾಕೋ ತಟ್ಕೋಬೇಕು?"