ಮರೈಕೆ ಸಾನ್ ಸುತ್ತಿಗೆ ಕೆಳಗಿಟ್ಟ ಹದಿನೈದು ದಿನ

ಕಾವಾಸಾಕಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ತಲೆಯ ಮೇಲಿನ ಮನೆ ಮರೈಕೆ ಸಾನ್ ಅವರದು; ಸಾನ್ ಎಂದರೆ ಜಪಾನಿಯಲ್ಲಿ ನಮ್ಮ 'ಅವರು' ಇದ್ದಂತೆ. ಹಾಲೆಂಡಿನ ಕಲಾವಿದೆ, ಅರವತ್ತೆಂಟು ವರ್ಷ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಬರೆಯುವುದು ಅಮೂರ್ತ ಚಿತ್ರ, ಅದರಲ್ಲಿ ಮರವಿಲ್ಲ, ಮನುಷ್ಯರಿಲ್ಲ. ಹಲಗೆಗೆ ಹತ್ತು ಪದರ ಬಣ್ಣ ಬಳಿದು, ಒಣಗಿದ ಮೇಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಚಕ್ಕೆ ಎದ್ದು ಅಡಿಯ ಕೆಂಪು ಕಾಣಬೇಕು. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಇಷ್ಟನ್ನು ಮೈಸೂರಿನಲ್ಲಿ ನಮ್ಮ ಮನೆಯ ಗೋಡೆ ಕೆಡವಿದ ಗಾರೆಯವನು ಅರ್ಧ ದಿನದಲ್ಲಿ ಮಾಡಿದ್ದ. ಹಾಗೆಂದು ಹೇಳಿಯೂ ಬಿಟ್ಟೆ. ಅವರು ನಗಲಿಲ್ಲ, ಚಹಾ ಕೊಟ್ಟರು.

ರಾಟರ್‌ಡ್ಯಾಮಿನಲ್ಲಿದ್ದಾಗ ಅವರು ಕೂದಲೆಳೆಯಂಥ ನೇರ ಗೆರೆಗಳನ್ನು ಎಳೆಯುತ್ತಿದ್ದರಂತೆ. ಗಂಡ ಹೊಡೆಯುತ್ತಿದ್ದ. ಪಕ್ಕದ ಮನೆಯಾಕೆ ನೋಡಲಾರದೆ, ಇವರನ್ನೊಂದು ಮಾತೂ ಕೇಳದೆ, ಪೊಲೀಸರಿಗೆ ಹೇಳಿದಳು. ಪೊಲೀಸರು ಬಂದು ಬುದ್ಧಿ ಹೇಳಿ ಹೋದರು. ಅವರಿನ್ನೂ ಬೀದಿ ದಾಟಿರಲಿಲ್ಲ, ಗಂಡ ಇವರ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ, ಮೂರು ಸಲ. ಆಮೇಲೆ ಆ ಕೈಗೆ ನೇರ ಗೆರೆ ಬರಲಿಲ್ಲ. ಎಡಗೈ ಸುತ್ತಿಗೆ ಹಿಡಿಯಿತು. ಜಪಾನಿಗೆ ಬಂದು ಇಂಗ್ಲಿಷ್ ಪಾಠ ಹೇಳಿ ಬದುಕಿದರು. ಇದನ್ನೆಲ್ಲ ನನಗೇ ಏಕೆ ಹೇಳಿದರೆಂದು ನನಗೆ ಗೊತ್ತಿತ್ತು.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಆಫೀಸುಗಳು ಮುಚ್ಚಿ, ನನ್ನ ಗಂಡ ಪ್ರಶಾಂತ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದ. ವಾರಕ್ಕೊಮ್ಮೆ ಬೀಳುತ್ತಿದ್ದ ಏಟು ಮೀಟಿಂಗಿಗೊಂದಾಯಿತು. ಕ್ಯಾಮೆರಾ ಆಫ್ ಮಾಡಿ, ಎದ್ದು ಬಂದು, ನನ್ನ ತಲೆಯನ್ನು ಗೋಡೆಗೆ ಬಡಿದು, ಮತ್ತೆ ಹೋಗಿ "ಸುಮಿಮಾಸೆನ್" ಎಂದು ಆಫೀಸಿನವರ ಕ್ಷಮೆ ಕೇಳಿ ಕೂರುತ್ತಿದ್ದ.

ಸದ್ದಿನ ಬಗ್ಗೆ ಅಕ್ಕಪಕ್ಕದವರು ದೂರು ಕೊಟ್ಟರು. ಇಲ್ಲಿನ ಪದ್ಧತಿಯಂತೆ ಯಾರ ಹೆಸರೂ ಇಲ್ಲದ ನೋಟಿಸು ಎಲ್ಲರ ಅಂಚೆಡಬ್ಬಿಗೂ ಬಿತ್ತು. ಹೆಸರಿಲ್ಲದಿದ್ದರೂ ಎಲ್ಲರ ಕಣ್ಣು ಹೋದದ್ದು ಮರೈಕೆ ಸಾನ್ ಕಡೆಗೇ.

"ಒಳ್ಳೇದೇ ಆಯ್ತು ಬಿಡು," ಎಂದ ಪ್ರಶಾಂತ. "ಆ ಮುದುಕಿ ಇರೋವರ್ಗೂ ನಮಗೇನೂ ಟೆನ್ಷನ್ ಇಲ್ಲ."

ಮರೈಕೆ ಸಾನ್ ಸುತ್ತಿಗೆ ಕೆಳಗಿಟ್ಟರು. ಹದಿನೈದು ದಿನ ಮೇಲಿನಿಂದ ಒಂದು ಸದ್ದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ, ಅಕ್ಕಪಕ್ಕದವರ ದೂರೂ ನಿಲ್ಲಲಿಲ್ಲ. ಹದಿಮೂರನೆಯ ದಿನ ಪ್ರಶಾಂತ ನನ್ನ ಮುಖವನ್ನು ಸಿಂಕಿನ ಅಂಚಿಗೆ ಬಡಿದ. ಹದಿನೈದನೆಯ ದಿನ ಮನೆ ಖಾಲಿ ಮಾಡಬೇಕೆಂಬ ಪತ್ರ ಮರೈಕೆ ಸಾನ್ ಕೈಸೇರಿತು.

ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದರು: "ಸದ್ದು ಯಾರದು ಅಂತ ನನಗೆ ಗೊತ್ತು, ಪದ್ಮಾ. ಆದ್ರೆ ನಾನು ಹೇಳಲ್ಲ. ನನ್ನ ಪರವಾಗಿ ಒಬ್ಬಳು ಹೇಳಿದ್ದಕ್ಕೆ ಏನಾಯ್ತು ಅಂತ ನಿನಗೆ ಗೊತ್ತಲ್ಲ. ನೀನು ಸುಮ್ಮನಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ, ಅಷ್ಟೆ."

ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಅವರೇ ಹೇಳಿಬಿಟ್ಟಿದ್ದರೆ ನಾನು ಅವರನ್ನು ಬೈದುಕೊಂಡು ಸುಮ್ಮನಿರಬಹುದಿತ್ತು. ಆ ದಾರಿಯನ್ನೂ ಮುಚ್ಚಿದರು.

ಮರುದಿನ ಪ್ರಶಾಂತ ಮೀಟಿಂಗಿನಲ್ಲಿದ್ದಾಗ, ಕಸ ಹಾಕಿ ಬರುತ್ತೇನೆಂದು ಕೆಳಗಿಳಿದು, ಕಟ್ಟಡದ ಮ್ಯಾನೇಜರ್ ಒಗಾವಾ ಸಾನ್ ಎದುರು ನಿಂತೆ. ನನಗೆ ಬರುತ್ತಿದ್ದದ್ದು ಬೀದಿಯ ಕೊಂಬಿನಿ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟು ಜಪಾನಿ.

"ಸುಮಿಮಾಸೆನ್. ಸದ್ದು ಮೇಲಿನ ಮನೆಯದಲ್ಲ. ನಮ್ಮ ಮನೆಯದು."

ಅವರು ತಲೆಬಾಗಿ, ಫಾರಂ ತೆಗೆದು, ನಮ್ಮ ಮನೆಯ ನಂಬರ್ ಬರೆದುಕೊಂಡರು. ಎಂಥ ಸದ್ದು ಎಂದು ವಿನಯದಿಂದ ಕೇಳಿದರು.

ಅದಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಮಾಸ್ಕ್ ತೆಗೆದೆ. ಮುಂದಿನ ಎರಡು ಹಲ್ಲು ಅಲ್ಲಿರಲಿಲ್ಲ.