ದನ ತಿನ್ನದ ಸೊಪ್ಪು

ಅರವತ್ತು ದಾಟಿದ ಮೇಲೆ ನಾನೂ ನನ್ನ ಗೆಳೆಯನೂ ಸೈಕಲ್ಲಿನಲ್ಲಿ ಊರೂರು ಸುತ್ತಲು ಶುರುಮಾಡಿದೆವು. ನರಸಿಂಹರಾಜಪುರದ ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಒಟ್ಟಿಗೆ ದಿಮ್ಮಿ ಹೊತ್ತವರು ನಾವು. ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಮಂಡಿ ಹಿಡಿಯುತ್ತಿತ್ತು. ಗೇರಿಲ್ಲದ ಹಳೇ ಸೈಕಲ್ಲು, ಕ್ಯಾರಿಯರಿನಲ್ಲಿ ಬುತ್ತಿ. ಮೊದಮೊದಲು ಕೊಪ್ಪದವರೆಗೆ ಹೋಗಿ ಬರುತ್ತಿದ್ದೆವು. ಆಮೇಲೆ ಅದು ಎರಡು ಮೂರು ದಿನದ ತಿರುಗಾಟವಾಯಿತು.

ಏರಿನಲ್ಲಿ ನಾನು ಜೋರು, ಅವನು ನಿಧಾನ. ಅದಕ್ಕೇ ಕಾಡಿನಿಂದ ದಿಮ್ಮಿ ತರುವ ಕಾಲದ ಪದ್ಧತಿಯನ್ನೇ ಇಟ್ಟುಕೊಂಡೆವು. ದಾರಿ ಕವಲೊಡೆಯುವಲ್ಲಿ ಮುಂದಿನವನು ಹಸಿ ಸೊಪ್ಪಿನ ಟೊಂಗೆ ಮುರಿದು, ತಾನು ಹೋಗದ ದಾರಿಗೆ ಅಡ್ಡ ಹಾಕಬೇಕು. ಹಿಂದಿನವನು ಅದನ್ನು ನೋಡಿ ಇನ್ನೊಂದು ದಾರಿ ಹಿಡಿಯುತ್ತಾನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಪೇಪರ್ ಓದುತ್ತೇನೆ, ಬೋರ್ಡು ಓದುತ್ತೇನೆ. ಅವನಿಗೆ ಅಕ್ಷರ ಗೊತ್ತಿಲ್ಲ.

ಹೋದ ವರ್ಷ ಸಿರಿಮನೆ ಜಲಪಾತಕ್ಕೆ ಹೊರಟಿದ್ದೆವು. ಶೃಂಗೇರಿಯಲ್ಲಿ ತಂಗಿ, ಬೆಳಿಗ್ಗೆ ಕಾಫಿ ಕುಡಿದು ಸೈಕಲ್ ಹತ್ತಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಹಿಂದೆ ಬಿದ್ದ. ಆಗ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡ ಪೇಟೆಯವರ ಸೈಕಲ್ ಗುಂಪೊಂದು ನನ್ನನ್ನು ದಾಟಿತು. "ಅಂಕಲ್, ಈ ವಯಸ್ಸಲ್ಲೂ ಸೂಪರ್! ನಿಧಾನಕ್ಕೆ ಬನ್ನಿ" ಎಂದ ಒಬ್ಬ.

ನಿಧಾನಕ್ಕಂತೆ! ಆ ಮಾತು ನನ್ನನ್ನು ಕೆಣಕಿತು. ಅವರು ಫೋಟೋ ತೆಗೆಯಲು ನಿಂತಾಗ ದಾಟಿಕೊಂಡು ಹೋದೆ. ಕೆರೆಕಟ್ಟೆ ಕಡೆ ಹೋಗುವ ರಸ್ತೆಯೂ ಸಿರಿಮನೆಯ ರಸ್ತೆಯೂ ಬೇರೆಯಾಗುವ ಜಾಗ ಬಂತು. ಹಿಂದೆ ಅವರ ಮಾತು ಕೇಳಿಸುತ್ತಿತ್ತು. ಇಳಿದು ಟೊಂಗೆ ಮುರಿದರೆ ಮುಂದೆ ಹೋಗಿಬಿಡುತ್ತಾರೆ. ಬೋರ್ಡು ಇದೆಯಲ್ಲ ಎಂದುಕೊಂಡೆ. ಅಂದುಕೊಳ್ಳುವಾಗಲೇ ಗೊತ್ತಿತ್ತು, ಅವನಿಗೆ ಅದು ಬರೀ ತಗಡು. ಆದರೂ ನಿಲ್ಲಿಸಲಿಲ್ಲ, ತುಳಿದೆ.

ಜಲಪಾತಕ್ಕೆ ಮೊದಲು ಮುಟ್ಟಿದವನು ನಾನೇ. ಆ ಗುಂಪಿನವರು ಬಂದು ಚಪ್ಪಾಳೆ ತಟ್ಟಿದರು, ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನು ಎದೆಯುಬ್ಬಿಸಿ ನಿಂತೆ. ಅವರು ಹೋದ ಮೇಲೆ ದಾರಿ ನೋಡಿದೆ, ಅವನ ಸುಳಿವಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಹಿಂದೆ ಹೋಗಿ ಹುಡುಕಬಹುದಿತ್ತು. ಬುತ್ತಿ ಬಿಚ್ಚಿ ಉಂಡೆ.

ಮಧ್ಯಾಹ್ನ ಕಳೆದ ಮೇಲೆ ಅವನು ಸೈಕಲ್ ತಳ್ಳಿಕೊಂಡು ಕುಂಟುತ್ತಾ ಬಂದ. ಮಂಡಿ ಊದಿತ್ತು.

"ಸೊಪ್ಪು ಎಲ್ಲಿ ಹಾಕಿದ್ಯೋ ಮಾರಾಯ? ಕೆರೆಕಟ್ಟೆ ಹತ್ರದವರೆಗೂ ಹೋಗಿದ್ದೆ. ಕೇಳಾಣ ಅಂದ್ರೆ ದಾರೀಲಿ ಒಂದು ನರಪಿಳ್ಳೆ ಇಲ್ಲ."

"ಹಾಕಿದ್ನಲ್ಲೋ. ದನ ತಿಂದಿರ್ಬೇಕು."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವನು ನನ್ನ ಮುಖ ನೋಡಿ ನಕ್ಕ. "ಥೋ, ನನ್ನ ಗ್ರಹಚಾರ! ಆ ದನಕ್ಕೂ ಅಲ್ಲೇ ಹಸಿವಾಗ್ಬೇಕಾ?"

ಬೈದಿದ್ದರೆ ಮುಗಿದುಹೋಗುತ್ತಿತ್ತು. ಅವನು ಆ ಕತೆಯನ್ನು ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿ ಹೇಳಿ ನಗಿಸಿದ. ಅವನ ಹೆಂಡತಿ ನನ್ನೆದುರೇ, "ದನಾನ ಎಂತಕ್ಕೆ ಬೈತೀರಿ? ಅಣ್ಣ ಹಾಕಿದ್ದು ನಿಮ್ಗೇ ಕಂಡಿಲ್ಲ" ಎಂದು ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಳು. ನಾನೂ ಹೌದೆಂದು ತಲೆಯಾಡಿಸಿದೆ. ಮಿಲ್ಲಿನಲ್ಲಿ ಒಂದು ದಿನವೂ ಮೈಗಳ್ಳತನ ಮಾಡಿದವನಲ್ಲ ಎಂದು ಹೇಳಿಕೊಂಡು ತಿರುಗುವವನು ನಾನು. ಇಲ್ಲಿ ಬರೆಯುವುದಕ್ಕೂ ಧೈರ್ಯ ಬೇಕಾಗಿಲ್ಲ, ಅವನು ಇದನ್ನು ಓದುವುದಿಲ್ಲ.

ಮಂಡಿ ವಾಸಿಯಾದ ಮೇಲೆ ಮತ್ತೆ ಹೊರಟೆವು. ಆ ಸಲ ಬೇಕೆಂದೇ ಅವನನ್ನು ಮುಂದೆ ಬಿಟ್ಟೆ. ನಾರ್ವೆ ಹತ್ತಿರದ ಒಂದು ಕವಲಿಗೆ ನಾನು ಮುಟ್ಟಿದಾಗ ಅವನು ಇನ್ನೂ ರಸ್ತೆಯಲ್ಲೇ ಬಗ್ಗಿಕೊಂಡಿದ್ದ. ಒಂದು ಟೊಂಗೆಯಲ್ಲ, ಲಂಟಾನದ ಒಂದು ಹೊರೆಯನ್ನೇ ಮುಳ್ಳಿನ ಸಮೇತ ಕಿತ್ತು ಅಡ್ಡ ಹಾಕುತ್ತಿದ್ದ. ಅಂಗೈ ತುಂಬ ಗೀರುಗಳು.

"ನೋಡು, ಇದನ್ನ ಯಾವ ದನಾನೂ ಮುಟ್ಟಲ್ಲ. ನೀನು ದಾರಿ ತಪ್ಪದು ಬೇಡ ಮಾರಾಯ" ಎಂದ.

ಹೇಳಲು ಬಾಯಿ ತೆರೆದೆ.

"ಹೌದು, ಮೂಸಿಯೂ ನೋಡಲ್ಲ" ಎಂದು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲಿಟ್ಟೆ.